ಸಿಪ್ಪೆಯಿಂದ ಚರ್ಮ ಮಾಡಲು ಹೊರಟ ವರ್ಷ

ಮಾವಿನ ಸಿಪ್ಪೆ ಬಿಸಿಲಿಗೆ ಬಿದ್ದ ಮೊದಲ ದಿನ ಹಣ್ಣಿನ ವಾಸನೆಯೇ ಇರುತ್ತದೆ. ಎರಡನೇ ದಿನ ಅದು ಬದಲಾಗುತ್ತದೆ. ಸಿಹಿಯ ಅಡಿಯಲ್ಲಿ ಒಂದು ಹುಳಿ, ಆ ಹುಳಿಯ ಅಡಿಯಲ್ಲಿ ನೆನೆದ ಕಂಬಳಿಯಂಥ ಏನೋ ಒಂದು. ಮೊನ್ನೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಜ್ಯೂಸ್ ಅಂಗಡಿಯೊಂದರ ಪಕ್ಕದಲ್ಲಿ ನಡೆದು ಹೋಗುತ್ತಿದ್ದಾಗ, ಗೋಡೆಗೆ ಒರಗಿಸಿಟ್ಟಿದ್ದ ಮೂರು ಚೀಲಗಳಿಂದ ಆ ಎರಡನೇ ದಿನದ ವಾಸನೆ ಬಂತು. ಟ್ಯೂಷನ್ನಿಗೆ ಹೊತ್ತಾಗಿತ್ತು, ಆದರೂ ನಿಂತುಬಿಟ್ಟೆ. ಅಂಗಡಿಯವನು, "ಏನ್ ಬೇಕು ಮೇಡಂ, ಮ್ಯಾಂಗೋನಾ?" ಎಂದ. ಏನೂ ಬೇಡ ಎಂದು ರಸ್ತೆ ದಾಟಿದೆ. ದಾಟಿದ ಮೇಲೂ ಸ್ವಲ್ಪ ದೂರದವರೆಗೆ ಅದು ಮೂಗಿನಲ್ಲೇ ಇತ್ತು.

ಮೂರು ವರ್ಷದ ಹಿಂದೆ ಇಂಥ ಚೀಲಗಳನ್ನು ನಾನೇ ಹುಡುಕಿಕೊಂಡು ಹೋಗುತ್ತಿದ್ದೆ.

ಆಗ ಬನಶಂಕರಿಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಮಾರ್ಚ್ ಕೊನೆ. ಪರೀಕ್ಷೆಗಳು ಮುಗಿದು ಕಾರಿಡಾರುಗಳು ಖಾಲಿಯಾಗಿದ್ದವು. ಎಂಎಸ್ಸಿಯಲ್ಲಿ ನನ್ನ ಜೊತೆ ಓದಿದ್ದ ಶಿವಲೀಲಾ ಸ್ಟಾಫ್ ರೂಮಿಗೇ ಬಂದು, ಬ್ಯಾಗಿನಿಂದ ಅಂಗೈಯಗಲದ ಒಂದು ಕಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಮುಟ್ಟಿದರೆ ಮೆತ್ತಗಿತ್ತು. ಮಡಚಿದರೆ ಮಡಚಿಕೊಳ್ಳುತ್ತಿತ್ತು.

"ಏನಿದು ಹೇಳು ಸುಜಾತಾ?"

"ಚರ್ಮ."

"ಮಾವಿನ ಸಿಪ್ಪೆ ಕಣೇ! ನಮ್ಮನೆ ಮಿಕ್ಸೀಲಿ ರುಬ್ಬಿ, ತಾರಸಿ ಮೇಲೆ ಒಣಗಿಸಿದ್ದು."

ನಾನು ಅಷ್ಟು ಬೇಗ ಚರ್ಮ ಎಂದದ್ದಕ್ಕೆ ಕಾರಣವಿತ್ತು. ನನ್ನ ಅಪ್ಪ ಚಿಕ್ಕಹನುಮಯ್ಯ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ, ಒಂದು ಹೊಂಗೆ ಮರದ ಕೆಳಗೆ ಕೂತು ಮೂವತ್ತು ವರ್ಷದಿಂದ ಚಪ್ಪಲಿ ಹೊಲಿಯುತ್ತಿದ್ದ. ಉತ್ತರಹಳ್ಳಿಯ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬುದ್ಧನ ಪಟದ ಕೆಳಗೆ ನನ್ನ ಪುಸ್ತಕಗಳಿರುತ್ತಿದ್ದವು. ಉಳಿ, ಚರ್ಮ ಕೊಯ್ಯುವ ರಂಪಿಗೆ ಇದ್ದ ಅವನ ಚೀಲವನ್ನು ಅವನು ಬಾಗಿಲಿನ ಆಚೆಗೇ ಇಡುತ್ತಿದ್ದ. ನಾನು ಚಿಕ್ಕವಳಿದ್ದಾಗ ಒಮ್ಮೆ ಉಳಿ ಹಿಡಿದು ಆಡಲು ಕೂತಿದ್ದಕ್ಕೆ, ಎಂದೂ ಬೈಯದವನು ಬೈದಿದ್ದ. "ಇದು ನನ್ ಕೈಗೇ ಮುಗೀಲಿ. ನೀನು ಪುಸ್ತಕ ಹಿಡಿ." ನಾನು ಪುಸ್ತಕ ಹಿಡಿದೆ. ಹಿಡಿದು ಹಿಡಿದು ಕಡೆಗೆ ಬಂದು ನಿಂತದ್ದು ಒಂದು ತುಂಡು ಚರ್ಮದ ಮುಂದೆ.

ಶಿವಲೀಲಾಳ ಚಿಕ್ಕಪ್ಪನದೊಂದು ಶೆಡ್ಡು ಜರಗನಹಳ್ಳಿಯಲ್ಲಿತ್ತು. ಪ್ಲೈವುಡ್ ಇಡುತ್ತಿದ್ದ ಜಾಗ, ತಗಡಿನ ಮಾಡು, ಒಂದೇ ಕಿಟಕಿ. "ಒಂದು ವರ್ಷ ಇಟ್ಕೊಳ್ರವ್ವ, ಆಮೇಲೆ ನೋಡೋಣ" ಎಂದು ಆ ಯಜಮಾನರು ಬೀಗದ ಕೈ ಕೊಟ್ಟರು. ನಾನು ಕಾಲೇಜಿಗೆ ರಾಜೀನಾಮೆ ಬರೆದೆ. ಅದನ್ನು ಬರೆದ ದಿನ ನನಗೆ ಸ್ವಲ್ಪವೂ ಹೆದರಿಕೆಯಾಗಲಿಲ್ಲ ಎಂಬುದು ಈಗ ಆಶ್ಚರ್ಯ. ಊರು ತುಂಬ ಹಣ್ಣು ತಿನ್ನುತ್ತಾರೆ, ಸಿಪ್ಪೆ ಬಿಸಾಡುತ್ತಾರೆ. ಬಿಸಾಡಿದ್ದರಿಂದ ಮಾಡಿದ್ದು, ಮತ್ತೆ ಬಿಸಾಡಿದರೆ ಮಣ್ಣಿಗೆ ಹೋಗುವಂಥದ್ದು. ಇದರಲ್ಲಿ ತಪ್ಪಾಗುವುದಕ್ಕೆ ಏನಿದೆ ಎಂದು ಅನ್ನಿಸಿತ್ತು.

ಏಪ್ರಿಲಿನಲ್ಲಿ ಕೆಲಸ ಶುರುವಾಯಿತು. ಬೆಳಿಗ್ಗೆ ಶಿವಲೀಲಾಳ ಸ್ಕೂಟರಿನಲ್ಲಿ ಹೋಗಿ ಜ್ಯೂಸ್ ಅಂಗಡಿಗಳಿಂದ ಸಿಪ್ಪೆ ತರುವುದು. ಬಾದಾಮಿ ಮಾವಿನ ಸಿಪ್ಪೆ ತೆಳು, ರಸಪುರಿಯದು ಇನ್ನೂ ತೆಳು. ನಮಗೆ ಬೇಕಿದ್ದದ್ದು ತೋತಾಪುರಿಯ ದಪ್ಪ ಸಿಪ್ಪೆ. ತಂದದ್ದನ್ನು ತೊಳೆದು, ಕುದಿಸಿ, ಗ್ರೈಂಡರಿಗೆ ಹಾಕಿ, ಸಬ್ಬಕ್ಕಿ ಗಂಜಿ ಮತ್ತು ಗ್ಲಿಸರಿನ್ ಬೆರೆಸಿ, ತಟ್ಟೆಗಳಲ್ಲಿ ಹಪ್ಪಳದ ಹಿಟ್ಟಿನ ಹಾಗೆ ತೆಳ್ಳಗೆ ಎಳೆಯುವುದು. ಮಾಡಿನ ತಗಡಿನಿಂದ ಇಳಿಯುವ ಕಾವಿಗೆ ನಮ್ಮ ಚೂಡಿದಾರಗಳು ಬೆನ್ನಿಗೆ ಅಂಟುತ್ತಿದ್ದವು. ಆದರೆ ಆ ಕಾವು ನಮಗೆ ದೇವರು ಕೊಟ್ಟ ಒಲೆಯಾಗಿತ್ತು. ಎರಡೇ ದಿನಕ್ಕೆ ಹಾಳೆ ತಟ್ಟೆಯಿಂದ ಸುಮ್ಮನೆ ಎದ್ದು ಬರುತ್ತಿತ್ತು, ಬೆಳಕಿಗೆ ಹಿಡಿದರೆ ಬೆಲ್ಲದ ಪಾಕದ ಬಣ್ಣ.

ಮೊದಲ ಒಳ್ಳೆಯ ಹಾಳೆಯನ್ನು ಮನೆಗೆ ತಂದು ಅಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಮೂಸಿದ. ಮಡಚಿದ. ಉಗುರಿನಿಂದ ಕೆರೆದ. ಅಂಚು ಹಿಡಿದು ಎಳೆದ ತಕ್ಷಣ ಅದು ಹರಿಯಿತು.

"ಇದ್ರಲ್ಲಿ ನಾರಿಲ್ಲ ಮಗಾ. ಚರ್ಮ ಅಂದ್ರೆ ಒಳಗೆ ನಾರು ಹೆಣ್ಕೊಂಡಿರ್ತದೆ. ಇದಕ್ಕೆ ಹೊಲಿಗೆ ಹಾಕಿದ್ರೆ ದಾರನೇ ಕುಯ್ದುಬಿಡ್ತದೆ."

ನನ್ನ ಮುಖ ನೋಡಿರಬೇಕು. ಹರಿದ ತುಂಡನ್ನು ತಿರುಗಿಸಿ ನೋಡಿ ಮತ್ತೆ ಹೇಳಿದ: "ಹಸಿ ಇರೋವಾಗ್ಲೇ ಹಿಂದ್ಗಡೆ ಒಂದು ಹತ್ತಿ ಬಟ್ಟೆ ಕೊಟ್ಟು ನೋಡು. ಬಟ್ಟೆ ಹಿಡ್ಕೊಂತದೆ."

ಎರಡು ವಾರ ನಾವು ಪುಸ್ತಕಗಳಲ್ಲಿ ಹುಡುಕಿ ಸಿಗದಿದ್ದ ಉತ್ತರ ಅದು. ಹಳೆಯ ಪಂಚೆಯ ತುಂಡು ಹಾಸಿ ಅದರ ಮೇಲೆ ಎಳೆದೆವು. ಹಾಳೆ ಗಟ್ಟಿಯಾಯಿತು. ಆ ಭಾನುವಾರ ಅಪ್ಪ ತಾನಾಗಿಯೇ ಶೆಡ್ಡಿಗೆ ಬಂದ. ಚಪ್ಪಲಿಯ ಪಟ್ಟಿಯ ಅಳತೆಗೆ ಎರಡು ತುಂಡು ಕತ್ತರಿಸಿ, ಮೇಣದ ದಾರದಲ್ಲಿ ಹೊಲಿದು, ಒಂದು ಹಳೆಯ ಅಟ್ಟೆಗೆ ಸೇರಿಸಿ ಕಾಲಿಗೆ ಹಾಕಿಕೊಂಡ. "ಸಾರಕ್ಕಿ ಸಿಗ್ನಲ್ ಗಂಟ ಹೋಗ್ಬರ್ತೀನಿ" ಎಂದು ಕನಕಪುರ ರಸ್ತೆಯ ಬಿಸಿಲಿಗೆ ಇಳಿದ. ನಾನೂ ಶಿವಲೀಲಾಳೂ ಬಾಗಿಲಲ್ಲಿ ನಿಂತು ಕಾದೆವು. ಅವನು ಹಿಂದಿರುಗಿ ಬಂದು, ಕಾಲಿನಿಂದ ಕಳಚಿ, ಹೆಬ್ಬೆರಳಿನ ಹತ್ತಿರ ಬಿಟ್ಟಿದ್ದ ಬಿರುಕನ್ನು ತೋರಿಸಿದ.

"ಕಾಲಿಗೆ ಆಗಲ್ಲ. ಕಾಲು ಬಾಳ ಕಷ್ಟ ಕೊಡ್ತದೆ. ಪರ್ಸು, ಪೌಚು ಅಂಥದ್ದಕ್ಕೆ ಆಗ್ಬೋದು."

ಹಾಗೆ ಹೇಳುವಾಗ ಅವನ ಮುಖದಲ್ಲಿ ನಾನು ಹಿಂದೆಂದೂ ನೋಡಿರದ ಒಂದು ಉತ್ಸಾಹವಿತ್ತು. ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದ, "ಯಾವ ಪ್ರಾಣೀನೂ ಸಾಯಲ್ಲ ಕಣೇ. ಹಣ್ಣಿನ ವಾಸ್ನೆ ಬತ್ತದೆ ಕೈಯಿಂದ, ನೋಡು." ಅಮ್ಮನ ಮೂಗಿನ ಹತ್ತಿರ ಕೈ ಹಿಡಿದ. ಅಮ್ಮ ನಕ್ಕಳು. ಅವನ ಕೈಯನ್ನು ಅವಳು ಹಾಗೆ ಮೂಸಿದ್ದು ನಾನು ನೋಡಿದ್ದು ಅದೊಂದೇ ಸಲ.

ಮೇ ತಿಂಗಳ ಕೊನೆಗೆ ಜೆಪಿ ನಗರದ ಉಡುಗೊರೆ ಅಂಗಡಿಯ ಒಬ್ಬ ಮೇಡಂ ಇನ್ನೂರು ಕನ್ನಡಕದ ಪೌಚು ಕೇಳಿದರು. ಅವರಿಗೆ ನಮ್ಮ ಮಾದರಿ ಹಿಡಿಸಿತ್ತು, ಅಪ್ಪನ ಹೊಲಿಗೆ ಇನ್ನೂ ಹಿಡಿಸಿತ್ತು. ಸಂಜೆ ಎರಡೆರಡು ತಾಸು, ಭಾನುವಾರ ಒಂದು ದಿನ ಅವನು ಬಂದು ಹೊಲಿದರೆ ಮುಗಿಯುವ ಕೆಲಸವಾಗಿರಲಿಲ್ಲ ಅದು.

"ಅಪ್ಪ, ಒಂದೆರಡು ತಿಂಗ್ಳು ಪೂರ್ತಿ ನಮ್ ಜೊತೆ ಬಂದುಬಿಡು" ಎಂದೆ.

ಅಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಮೂವತ್ತು ವರ್ಷ ಕೂತಿರೋ ಜಾಗ. ಎರಡು ತಿಂಗ್ಳು ಬಿಟ್ರೆ ಯಾರಾದ್ರೂ ಸುಮ್ನಿರ್ತಾರಾ?"

"ಲಕ್ಷ್ಮಮ್ಮ ನೋಡ್ಕೊಂತಾಳೆ ಬಿಡು" ಎಂದ ಅಪ್ಪ. ಲಕ್ಷ್ಮಮ್ಮ ಅವನ ಪಕ್ಕದಲ್ಲೇ ಹೂವು ಮಾರುವವಳು. ಅವನು ತನ್ನ ಮರದ ಪೆಟ್ಟಿಗೆಯನ್ನು ಗುರುತಿಗೆಂದು ಹೊಂಗೆ ಮರಕ್ಕೆ ಸರಪಳಿಯಲ್ಲಿ ಕಟ್ಟಿ, ಉಳಿ ರಂಪಿಗೆಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಜರಗನಹಳ್ಳಿಗೆ ಬಂದ. ಜೂನಿನ ಆ ಮೊದಲ ವಾರಗಳು ನನ್ನ ಬದುಕಿನಲ್ಲೇ ಒಳ್ಳೆಯ ದಿನಗಳು. ನಾವಿಬ್ಬರೂ ಹಾಳೆ ಮಾಡುವುದು, ಅಪ್ಪ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಹೊಲಿಯುವುದು. ಶಿವಲೀಲಾ ಅವನನ್ನು "ಅಂಕಲ್" ಎಂದು ಶುರು ಮಾಡಿ, ಒಂದು ವಾರಕ್ಕೆ ನನ್ನ ಹಾಗೆಯೇ "ಅಪ್ಪಾ" ಎನ್ನತೊಡಗಿದಳು. ತನ್ನ ಡಬ್ಬಿಯ ಶೇಂಗಾ ಚಟ್ನಿಯನ್ನು ಮೊದಲು ಅವನ ತಟ್ಟೆಗೆ ಹಾಕುತ್ತಿದ್ದಳು.

ಆಮೇಲೆ ಮಳೆ ಹಿಡಿಯಿತು.

ಜೋರು ಮಳೆಯಾಗಿದ್ದರೆ ಬಂದು ಹೋಗುತ್ತಿತ್ತು. ಇದು ಬೆಂಗಳೂರಿನ ಜುಲೈ ಮಳೆ. ಮೋಡ ಕೆಳಗಿಳಿದು ಕೂತು, ದಿನವಿಡೀ ಪಿರಿಪಿರಿ ಎಂದು ಸುರಿಯುವಂಥದ್ದು. ತಗಡು ತಣ್ಣಗಾಯಿತು. ಎರಡು ದಿನಕ್ಕೆ ಒಣಗುತ್ತಿದ್ದ ಹಾಳೆ ಐದು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಫ್ಯಾನು ತಂದೆವು. ಬಲ್ಬುಗಳನ್ನು ಇಳಿಬಿಟ್ಟೆವು. ಗಾಳಿಯೇ ಒದ್ದೆಯಿದ್ದಾಗ ಫ್ಯಾನು ಏನು ಮಾಡೀತು? ನಾನು ಗ್ಲಿಸರಿನ್ ಕಡಿಮೆ ಮಾಡಿದರೆ ಹಾಳೆ ಒಡೆಯುತ್ತಿತ್ತು, ಹೆಚ್ಚು ಮಾಡಿದರೆ ನೀರು ಕುಡಿಯುತ್ತಿತ್ತು. ಹೇಗೋ ಹಾಳೆಗಳನ್ನು ಹೊಂದಿಸಿ ಅಪ್ಪನ ಮುಂದಿಟ್ಟೆವು. ಮುಗಿದ ಪೌಚುಗಳನ್ನು ರಟ್ಟಿನ ಡಬ್ಬಗಳಲ್ಲಿ ಜೋಡಿಸಿ ಗೋಡೆಯ ಹತ್ತಿರ ಇಡುತ್ತಾ ಬಂದೆವು. ಇನ್ನು ಇಪ್ಪತ್ತು ಉಳಿದಿದ್ದವು. ಮಾರನೆಯ ದಿನವೇ ಕೊಡಬೇಕಿತ್ತು.

ಆ ಮಧ್ಯಾಹ್ನ ಅಪ್ಪನ ಫೋನು ಬಡಿದುಕೊಂಡಿತು. ಲಕ್ಷ್ಮಮ್ಮನ ದನಿ ನಾನು ಕೂತಲ್ಲಿಗೂ ಕೇಳುತ್ತಿತ್ತು.

"ಹನುಮಣ್ಣ, ಕಾರ್ಪೊರೇಷನ್ನೋರು ಬಂದವ್ರೆ. ಕೂತಿರೋರ ಹೆಸ್ರು ಬರ್ಕೊಂತಾವ್ರೆ, ಫೋಟೋ ಹೊಡೀತಾವ್ರೆ. ಇನ್ಮೇಲೆ ಚೀಟಿ ಇದ್ದೋರಿಗೇ ಜಾಗ ಅಂತೆ. ಬೇಗ ಬಾ."

ಅಪ್ಪ ಉಳಿಯನ್ನು ಕೆಳಗಿಟ್ಟ. ಎದ್ದು ಚಪ್ಪಲಿ ಮೆಟ್ಟಿಕೊಂಡ. ನಾನು ಹೊಲಿಯದೆ ಉಳಿದ ತುಂಡುಗಳ ರಾಶಿಯನ್ನು ನೋಡಿದೆ. ಅವನು ಬಸ್ಸು ಹಿಡಿದು ಹೋಗಿ ಬರುವಷ್ಟರಲ್ಲಿ ಬೆಳಕು ಹೋಗಿರುತ್ತದೆ ಎಂದಷ್ಟೇ ನನ್ನ ತಲೆಗೆ ಬಂದದ್ದು.

"ಅಪ್ಪ, ಅವ್ರು ನಾಳೆನೂ ಇರ್ತಾರೆ ಬಿಡು. ಇವತ್ತು ಇದೊಂದು ಮುಗಿಸ್ಬಿಡೋಣ."

ಅವನು ನನ್ನನ್ನೇ ನೋಡಿದ. ಓದಿದ ಮಗಳು ಹೇಳುತ್ತಿದ್ದಾಳೆ, ಅವಳಿಗೆ ಗೊತ್ತಿರುತ್ತದೆ ಎಂಬ ಹಾಗೆ ನೋಡಿದ. ಮತ್ತೆ ಕೂತು ಉಳಿ ಎತ್ತಿಕೊಂಡ.

ಮಾರನೆಯ ದಿನ ಬೆಳಿಗ್ಗೆಯೇ ಜಯನಗರಕ್ಕೆ ಹೋದ. ಬರೆದುಕೊಳ್ಳುವವರು ಯಾರೂ ಇರಲಿಲ್ಲ. ಲಕ್ಷ್ಮಮ್ಮ ತನ್ನ ಚೀಟಿ ತೋರಿಸಿದಳಂತೆ. ಶೆಡ್ಡಿಗೆ ಬಂದವನು, "ಇನ್ನೊಂದ್ಸಲ ಬರ್ತಾರಂತೆ, ಆಗ ನೋಡಿದ್ರಾಯ್ತು" ಎಂದಷ್ಟೇ ಹೇಳಿದ. ನಾನು ಅದನ್ನು ಸರಿಯಾಗಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾವು ಡಬ್ಬಗಳನ್ನು ತೆರೆದಿದ್ದೆವು.

ಎಲ್ಲದರ ಮೇಲೂ ಬೂಷ್ಟು ಬಂದಿತ್ತು. ಬಿಳಿ ಹತ್ತಿಯ ಹಾಗೆ, ನಡುನಡುವೆ ಹಸಿರು ಚುಕ್ಕೆ. ಕೆಳಗಿನ ಡಬ್ಬದಲ್ಲಿದ್ದವು ಒಂದಕ್ಕೊಂದು ಅಂಟಿಕೊಂಡು, ಬಿಡಿಸಿದರೆ ಮೇಲ್ಪದರ ಕಿತ್ತುಕೊಂಡು ಬರುತ್ತಿತ್ತು. ಶಿವಲೀಲಾ ನೆಲದ ಮೇಲೆ ಕೂತುಬಿಟ್ಟಳು. ಅಪ್ಪ ಒಂದೊಂದನ್ನೇ ಎತ್ತಿಕೊಂಡು, ತನ್ನ ಹೆಗಲ ಟವೆಲಿನಿಂದ ಒರೆಸತೊಡಗಿದ. ಒರೆಸಿದ ಮೇಲೆ ಹೊಲಿಗೆ ಸರಿಯಿದೆಯೇ ಎಂದು ಎಳೆದು ನೋಡುತ್ತಿದ್ದ. ಹೊಲಿಗೆ ಎಲ್ಲ ಸರಿಯಿತ್ತು.

ಅಂಗಡಿಯ ಮೇಡಂ ಹದಿನೈದು ದಿನ ಕೊಟ್ಟರು. ವಿನೆಗರಿನಲ್ಲಿ ಒರೆಸಿದೆವು, ಮೇಣ ಸವರಿದೆವು. ನಾಲ್ಕನೇ ದಿನಕ್ಕೆ ಬೂಷ್ಟು ತಿರುಗಿ ಬಂತು. ಆಗ ಶಿವಲೀಲಾ, ನಮ್ಮಿಬ್ಬರಿಗೂ ಮೊದಲಿನಿಂದ ಗೊತ್ತಿದ್ದು ಬಾಯಿಬಿಡದಿದ್ದ ಮಾತನ್ನು ಆಡಿದಳು.

"ಪಿಯು ಕೋಟಿಂಗ್ ಕೊಟ್ಬಿಡೋಣ ಸುಜಾತಾ. ಎಲ್ಲರೂ ಅದನ್ನೇ ಮಾಡೋದು."

ಪಿಯು ಎಂದರೆ ಪಾಲಿಯುರೆಥೇನ್. ಪ್ಲಾಸ್ಟಿಕ್ಕಿನ ತೆಳುಪದರ. ಕೊಟ್ಟರೆ ನೀರು ಒಳಗೆ ಹೋಗುವುದಿಲ್ಲ, ಬೂಷ್ಟು ಬರುವುದಿಲ್ಲ, ಹೊಳಪೂ ಬರುತ್ತದೆ. ಮಣ್ಣಿಗೆ ಹಾಕಿದರೆ ಕರಗುವುದೂ ಇಲ್ಲ.

"ಹಾಗಾದ್ರೆ ಇಷ್ಟೆಲ್ಲ ಯಾಕೆ ಮಾಡಿದ್ವಿ?" ಎಂದೆ.

"ಈ ಆರ್ಡರ್ ಒಂದಕ್ಕೆ ಅಷ್ಟೇ. ಬೇಸಿಗೇಲಿ ಸರಿ ಮಾಡ್ಕೊಳ್ಳೋಣ."

ಎರಡು ದಿನ ಬೇಡವೆಂದೆ. ಮೂರನೆಯ ದಿನ ಬ್ರಷ್ಷು ಹಿಡಿದು ಬಳಿದವಳು ನಾನೇ. ಒರೆಸಿದ ಪೌಚುಗಳೂ, ಹಾಳಾದವುಗಳ ಬದಲಿಗೆ ಅಪ್ಪ ಹೊಲಿದ ಹೊಸವೂ ಮಿರಿಮಿರಿ ಮಿಂಚಿದವು. ಒಳಗಿಡುವ ಚೀಟಿಯನ್ನು ನಾವು ಜೂನಿನಲ್ಲೇ ಅಚ್ಚು ಹಾಕಿಸಿದ್ದೆವು: "ಮಾವಿನ ಸಿಪ್ಪೆಯಿಂದ ಮಾಡಿದ್ದು. ಮಣ್ಣಿನಲ್ಲಿ ಕರಗುತ್ತದೆ." ಅಪ್ಪ ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತಾನೆ. ಒಂದು ಚೀಟಿ ಎತ್ತಿಕೊಂಡು ಓದಿ ಮುಗಿಸಿ ಕೇಳಿದ:

"ಇದು ಬಳಿದ ಮೇಲೂ ಕರಗ್ತದಾ?"

"ಕರಗುತ್ತಪ್ಪ. ಸ್ವಲ್ಪ ನಿಧಾನ" ಎಂದೆ.

ಅವನು ತಲೆಯಾಡಿಸಿದ. ಚೀಟಿಯನ್ನು ಪೌಚಿನೊಳಗಿಟ್ಟು ಮುಚ್ಚಿದ. ಆ ಸಂಜೆ ಒಂದು ಪೌಚನ್ನು ತೆಗೆದುಕೊಂಡು ಶೆಡ್ಡಿನ ಹಿಂದೆ ಹೋದದ್ದನ್ನು ನೋಡಿದೆ, ಯಾಕೆಂದು ಕೇಳಲಿಲ್ಲ.

ಇನ್ನೂರು ಪೌಚುಗಳು ಹೋದವು. ಎರಡನೆಯ ಬಾರಿ ಯಾರೂ ಕೇಳಲಿಲ್ಲ. ಒದ್ದೆಯಲ್ಲೇ ಬಳಿದದ್ದರಿಂದ ಪದರ ಗುಳ್ಳೆ ಎದ್ದು ಸುಲಿದು ಬರುತ್ತಿದೆ ಎಂದು ಮೇಡಂ ಫೋನು ಮಾಡಿದರು. ಸಿಟ್ಟಿನಿಂದ ಮಾತಾಡಲಿಲ್ಲ, "ಐಡಿಯಾ ಚೆನ್ನಾಗಿತ್ತು ಕಣ್ರಮ್ಮ" ಎಂದರು. ಆಗಸ್ಟಿಗೆ ಮಾವು ಮುಗಿದಿತ್ತು. ಅನಾನಸಿನ ಸಿಪ್ಪೆ, ಮೂಸಂಬಿ ಸಿಪ್ಪೆ ಎಂದು ಸ್ವಲ್ಪ ದಿನ ಒದ್ದಾಡಿದೆವು. ಮೂಸಂಬಿಯದು ಕಹಿ ವಾಸನೆ, ಅನಾನಸಿನದು ಮುಳ್ಳು ಮುಳ್ಳು. ಶಿವಲೀಲಾಳ ಚಿಕ್ಕಪ್ಪ ಒಂದು ದಿನ ಬಂದು, ಬಾಗಿಲಲ್ಲೇ ನಿಂತು, ಟೈಲ್ಸ್ ವ್ಯಾಪಾರದವರು ಶೆಡ್ಡು ಕೇಳುತ್ತಿದ್ದಾರೆ ಎಂದರು. ಅವರು ವರ್ಷವೆಂದಿದ್ದರು, ಆರು ತಿಂಗಳೂ ಆಗಿರಲಿಲ್ಲ. ಆದರೆ ಒಳಗೆ ಏನಾಗುತ್ತಿದೆ ಎಂದು ಅವರಿಗೂ ಕಾಣುತ್ತಿತ್ತು. ನಾವು ಜಗಳವಾಡಲಿಲ್ಲ.

ಸಾಮಾನು ತೆಗೆಯುವ ದಿನ ಅಪ್ಪ ಶೆಡ್ಡಿನ ಹಿಂದಿನಿಂದ ಕೈ ತುಂಬ ಮಣ್ಣು ಮಾಡಿಕೊಂಡು ಬಂದ. ಆ ಸಂಜೆ ಹೂತಿಟ್ಟಿದ್ದ ಪೌಚನ್ನು ಅಗೆದು ತಂದು ನನ್ನ ಮುಂದೆ ಒಂದು ತಟ್ಟೆಯಲ್ಲಿಟ್ಟ. ಸಿಪ್ಪೆ ಕರಗಿಹೋಗಿತ್ತು. ಬಟ್ಟೆಯೂ ಮುಕ್ಕಾಲು ಹೋಗಿತ್ತು. ಪೌಚಿನ ಆಕಾರದಲ್ಲೇ ಒಂದು ತೆಳು ಪೊರೆ ಉಳಿದಿತ್ತು, ಹೊಲಿಗೆಯ ತೂತುಗಳ ಸಮೇತ.

"ಕರಗಿಲ್ಲ ಮಗಾ" ಎಂದ. ದೂರಿನ ದನಿಯೇನಲ್ಲ, ಹಾಳೆ ನೋಡಿ ನಾರಿಲ್ಲ ಎಂದ ಹಾಗೆಯೇ ಹೇಳಿದ. "ನೀನು ನಂಗೆ ಹೇಳ್ಬೋದಿತ್ತು."

ಶಿವಲೀಲಾ ಆ ಕಡೆ ಮುಖ ಮಾಡಿ ತಟ್ಟೆಗಳನ್ನು ಒಂದರೊಳಗೊಂದು ಜೋಡಿಸುತ್ತಲೇ ಇದ್ದಳು. ಅವಳು ಆ ದೀಪಾವಳಿಗೆ ಮೊದಲೇ ಹರಿಹರಕ್ಕೆ, ಅವರಪ್ಪನ ಅಂಗಡಿಗೆ ಹೊರಟುಹೋದಳು. ಮೊದಮೊದಲು ಮೆಸೇಜು ಕಳಿಸುತ್ತಿದ್ದಳು. ಅಪ್ಪ ಹೇಗಿದ್ದಾರೆ ಎಂದು ಕೇಳಿದಾಗ ನಾನು ತಡಮಾಡಿ ಉತ್ತರ ಕೊಡುತ್ತಿದ್ದೆ. ಆಮೇಲೆ ಅವಳೂ ಕೇಳುವುದನ್ನು ಬಿಟ್ಟಳು.

ಶೆಡ್ಡು ಬಿಟ್ಟ ಮಾರನೆಯ ಬೆಳಿಗ್ಗೆ ಅಪ್ಪನ ಜೊತೆ ನಾನೂ ನಾಲ್ಕನೇ ಬ್ಲಾಕಿಗೆ ಹೋದೆ. ಫುಟ್‌ಪಾತಿಗೆ ಹೊಸ ಕಲ್ಲು ಹಾಸಿದ್ದರು. ಹೊಂಗೆ ಮರ ಅಲ್ಲೇ ಇತ್ತು. ಅದರ ಕೆಳಗೆ ಅಪ್ಪನ ವಯಸ್ಸಿನವನೇ ಒಬ್ಬ, ಮೊಬೈಲ್ ಕವರುಗಳನ್ನು ಹಲಗೆಗೆ ನೇತುಹಾಕಿಕೊಂಡು ಕೂತಿದ್ದ. ಕತ್ತಿನಲ್ಲಿ ಫೋಟೋ ಇದ್ದ ಚೀಟಿ. ಅಪ್ಪನ ಪೆಟ್ಟಿಗೆಯನ್ನು ಲಕ್ಷ್ಮಮ್ಮ ತನ್ನ ಹೂವಿನ ಬುಟ್ಟಿಯ ಹಿಂದೆ ಎತ್ತಿಟ್ಟುಕೊಂಡಿದ್ದಳು.

"ನಾನು ಎಷ್ಟ್ ಹೇಳ್ದೆ ಹನುಮಣ್ಣ, ಅವ್ರು ಕೇಳ್ಲಿಲ್ಲ. ಕೂತಿರೋರನ್ನೇ ಬರ್ಕೊಳ್ಳೋದು ಅಂದ್ರು. ನೀನು ಆವತ್ತು ಒಂದ್ ಗಳಿಗೆ ಬಂದು ಕೂತಿದ್ರೆ ಆಗೋಗಿತ್ತು."

ಕವರಿನವನು ಎದ್ದು ನಿಂತ. "ನಂಗೆ ಗೊತ್ತಿರ್ಲಿಲ್ಲಣ್ಣ. ಆ ಚಪ್ಪಲಿ ಹೊಲಿಯೋರು ಬಿಟ್ಟೋದ್ರು ಅಂದ್ರು."

"ಬಿಟ್ಟೋಗಿದ್ದೆ, ನಿಜ. ಕೂತ್ಕೊಳಪ್ಪ, ವ್ಯಾಪಾರ ನೋಡು" ಎಂದ ಅಪ್ಪ.

ಆವತ್ತು ಒಂದ್ ಗಳಿಗೆ ಎಂದಳಲ್ಲ ಲಕ್ಷ್ಮಮ್ಮ, ಆಗ ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತೇನೋ. ಪೆಟ್ಟಿಗೆ ಹೊತ್ತುಕೊಂಡು ನಾವು ಬಸ್ಸಿಗೆ ಕಾದೆವು. ಇಡೀ ದಾರಿ ಅವನು ಕಿಟಕಿಯಾಚೆಗೆ ಕಣ್ಣು ನೆಟ್ಟಿದ್ದ. ಆಮೇಲಿನ ತಿಂಗಳುಗಳಲ್ಲಿ ನಾನು ನಾಲ್ಕು ಕಡೆ ಅರ್ಜಿ ಹಿಡಿದು ಅಲೆದೆ. ಇನ್ನೊಮ್ಮೆ ಬರೆದುಕೊಳ್ಳುವಾಗ ಬನ್ನಿ ಎಂದರು. ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಉತ್ತರಹಳ್ಳಿ ಬಸ್ ಸ್ಟಾಪಿನ ಹತ್ತಿರ ಕೂತು ನೋಡಿದ. ಅಲ್ಲಿ ಇಳಿಯುವವರು ಹೊಸಬರು, ಚಪ್ಪಲಿ ಕಿತ್ತರೆ ಬಿಸಾಡಿ ಬೇರೆ ತರಿಸಿಕೊಳ್ಳುವವರು. ಜಯನಗರದಲ್ಲಿ ಅವನನ್ನು ಹುಡುಕಿಕೊಂಡು ಬರುತ್ತಿದ್ದ ಹಳೆಯ ಗಿರಾಕಿಗಳಿಗೆ ಅವನು ಎಲ್ಲಿಗೆ ಹೋದನೆಂದು ತಿಳಿಯುವ ದಾರಿಯೇ ಇರಲಿಲ್ಲ. ಎರಡು ತಿಂಗಳು ಖಾಲಿ ಕೂತು, ಒಂದು ಸಂಜೆ ಪೆಟ್ಟಿಗೆಯನ್ನು ಮನೆಯೊಳಗೆ ತಂದು ಮಂಚದ ಕೆಳಗೆ ತಳ್ಳಿದ.

ನಾನು ಈಗ ಟ್ಯೂಷನ್ ಹೇಳುತ್ತೇನೆ. ಪಾಲಿಮರುಗಳ ಪಾಠದಲ್ಲಿ ಮಣ್ಣಿನಲ್ಲಿ ಕರಗುವಂಥವುಗಳ ಬಗ್ಗೆ ಒಂದು ಪುಟವಿದೆ. ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ.

ಅಪ್ಪ ಉತ್ತರಹಳ್ಳಿ ಮುಖ್ಯರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ನೀಲಿ ಅಂಗಿ, ಟೋಪಿ, ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಭಾನುವಾರ ಊಟದ ಡಬ್ಬಿ ನಾನೇ ಒಯ್ಯುತ್ತೇನೆ. ಕಳೆದ ಭಾನುವಾರ ನಾನು ಹೋದಾಗ ಅವನು ಒಳಗೆ ಬರುತ್ತಿದ್ದ ಕಾರಿನ ನಂಬರನ್ನು ಪುಸ್ತಕದಲ್ಲಿ ಬರೆಯುತ್ತಿದ್ದ. ಅಷ್ಟರಲ್ಲಿ ಲಿಫ್ಟಿನ ಕಡೆಯಿಂದ ಒಬ್ಬ ಹೆಂಗಸು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ಒಳ್ಳೆಯ ಚರ್ಮದ ಚಪ್ಪಲಿ. ಹೆಬ್ಬೆರಳಿನ ಉಂಗುಟ ಬುಡದಲ್ಲಿ ಬಿಟ್ಟುಕೊಂಡಿತ್ತು.

"ಅಂಕಲ್, ಇಲ್ಲಿ ಹತ್ರದಲ್ಲಿ ಚಪ್ಪಲಿ ಹೊಲಿಯೋರು ಯಾರಾದ್ರೂ ಇದ್ದಾರಾ? ಮದುವೆಗೆ ಹೋಗ್ಬೇಕು, ಅರ್ಜೆಂಟು."

ಅಪ್ಪ ಎದ್ದು ನಿಂತ. ಅವನ ಕಣ್ಣು ಆ ಉಂಗುಟದ ಬುಡಕ್ಕೇ ಹೋದದ್ದನ್ನು ನಾನು ನೋಡಿದೆ. ನಾಲ್ಕು ಹೊಲಿಗೆಯ ಕೆಲಸ. ಮನೆ ಅಲ್ಲಿಂದ ಐದು ನಿಮಿಷದ ದಾರಿ. ನಾನು ಬಾಯಿ ತೆರೆಯುವುದರೊಳಗೆ ಅವನೇ ಮಾತಾಡಿದ.

"ಗೊತ್ತಿಲ್ಲ ಮೇಡಂ. ಈ ಏರಿಯಾದಲ್ಲಿ ಯಾರೂ ಇಲ್ಲ."

ಆಕೆ ಒಳಗೆ ಹೋದರು. ಅವನು ಕುರ್ಚಿಯಲ್ಲಿ ಕೂತು, ಅರ್ಧಕ್ಕೆ ನಿಲ್ಲಿಸಿದ್ದ ಕಾರಿನ ನಂಬರನ್ನು ಪೂರ್ತಿ ಬರೆದು, ನನ್ನ ಕಡೆ ಕೈ ಚಾಚಿದ.

"ಡಬ್ಬಿ ಕೊಡು ಮಗಾ. ಗೇಟ್ ಹತ್ರ ನಾನೊಬ್ನೇ ಇರೋದು, ಬೇಗ ಉಣ್ಬೇಕು."